ನಮ್ಮೂರಿಗೆ ಬರುವ ಪೇಪರ್

ಫೆಬ್ರವರಿ ೧೦, ಸೋಮವಾರ

ಬೆಳಗ್ಗೆಯಿಂದ ಅಂಗಡಿಯಲ್ಲಿ ಸೀರೆ ಫಾಲ್ಸ್, ಲೈನಿಂಗ್, ಮತ್ತೆ ಫಾಲ್ಸ್. ಬಾಳೂರಿನ ಮದುವೆಮನೆಯವರು ಒಂದು ಸೀರೆಗೆ ಮ್ಯಾಚಿಂಗ್ ಹುಡುಕಿ ಹಸಿರು ಬಟ್ಟೆಯ ಇಡೀ ಕಪಾಟು ಇಳಿಸಿದರು. ಕೊನೆಗೆ ‘ಮೂಡಿಗೆರೆಲಿ ನೋಡ್ತೀವಿ’ ಅಂತ ಎದ್ದು ಹೋದರು. ಮಡಚಿಡುವುದು ಯಾರು? ನಾನೇ.

ಮಡಚುತ್ತಿರುವಾಗ ಫೋನ್. ಗೊತ್ತಿಲ್ಲದ ನಂಬರ್.

“ಓಂಕಾರ ಮ್ಯಾಚಿಂಗ್ ಸೆಂಟರ್ ಏನ್ರಿ? ಬಣಕಲ್‌ದು? ತನುಜಾ ಅಂದ್ರ ನೀವೇ ಏನ್ರಿ?”

ಹೌದು, ಯಾವ ಕಲರ್ ಬೇಕು ಅಂದೆ.

“ಕಲರ್ ಅಲ್ರಿ... ಅತ್ತೆ, ನಾ ಸೌಮ್ಯ. ರೇಣುಕಪ್ರಸಾದ್ ಅವರ ಮಗಳು. ರಾಣೆಬೆನ್ನೂರಿಂದ.”

ಕುಳಿತುಬಿಟ್ಟೆ. ಅಣ್ಣನ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ಅಂಗಡಿ ನಂಬರ್ ಗೂಗಲ್ ಮ್ಯಾಪಲ್ಲಿ ಸಿಕ್ಕಿತಂತೆ. ಅಣ್ಣ ಇಲ್ಲವಂತೆ. ದೀಪಾವಳಿ ಆದ ಮರುವಾರ, ಹಾರ್ಟ್ ಅಟ್ಯಾಕ್. ಅತ್ತಿಗೆ ಯಶೋದಾ ಅದಕ್ಕೂ ಮೊದಲೇ ಹೋದರಂತೆ. “ಅಜ್ಜಿ ಅದಾರಂತ ಗೊತ್ತಾತು. ಒಮ್ಮೆ ಬಂದು ನೋಡ್ಲೇನ್ರಿ?” ಅಂದಳು.

ಅಮ್ಮನನ್ನು ಕೇಳಿ ಹೇಳುತ್ತೇನೆ ಅಂದೆ. ಬಾ ಅನ್ನಲಿಲ್ಲ. ಇಷ್ಟು ವರ್ಷ ಸಾಕಿದ ಸಿಟ್ಟು — ಈಗ ಅದನ್ನು ಎಲ್ಲಿಡಲಿ?

ಫೆ. ೧೧

ಅಮ್ಮನಿಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಮೊರ ಪಕ್ಕಕ್ಕಿಟ್ಟು ಹಿತ್ತಲಿಗೆ ಹೋದಳು. ಊಟಕ್ಕೆ ಕುಳಿತಾಗ ಬಾಯಿ ಬಿಟ್ಟಳು.

“ಬರ್ಲಿ ಆ ಹುಡ್ಗಿ. ಬೇಡ ಅನ್ನಲ್ಲ. ಆದ್ರೆ ಮೊದ್ಲು ಆ ಪೇಪರ್ ನೋಡಿ ಬರ್ಲಿ. ನಾನು ಕರೆದಿದ್ದೆ, ಅವರಪ್ಪನೇ ಬರ್ಲಿಲ್ಲ ಅಂತ ಗೊತ್ತಾಗ್ಲಿ ಅವ್ಳಿಗೆ.”

ನಮ್ಮಮ್ಮ ಮುದ್ದಮ್ಮನವರ ಕೋರ್ಟಿನಲ್ಲಿ ಅಪೀಲು ಇಲ್ಲ.

ಆ ಪೇಪರಿನ ಕಥೆ ಈ ಮನೆಯ ಗೋಡೆಗೂ ಬಾಯಿಪಾಠ. ಅಣ್ಣ ಬಾಳೂರಿನ ಎಸ್ಟೇಟಿನ ಕೂಲಿ ಲೈನಿನ ಯಶೋದಾಳನ್ನು ಮದುವೆಯಾಗಿ ಊರು ಬಿಟ್ಟ. ಜಾತಿ ಬೇರೆ. ಅಪ್ಪ ಲಾಯರ್ ಹಿಡಿದು ‘ಇವನಿಗೂ ನಮಗೂ ಸಂಬಂಧವಿಲ್ಲ’ ಅಂತ ಪೇಪರಲ್ಲಿ ಹಾಕಿಸಿದರು. ಆಗ ಹಾಗೆ ಹಾಕಿಸುವುದೊಂದು ಮರ್ಯಾದೆ. ಅಪ್ಪ ತೊಂಬತ್ತೆಂಟರಲ್ಲಿ ಹೋದರು. ಶಿವಗಣಾರಾಧನೆ ಮುಗಿದು, ಮಾರ್ಚಿನ ಹೊತ್ತಿಗೆ ಕಾಫಿ ಅರಳಿಸುವ ಹೂಮಳೆ ಆದ ಮೇಲೆ ಅಮ್ಮ ಯಾರನ್ನೂ ಕೇಳದೆ ಅದೇ ಪೇಪರಲ್ಲಿ ‘ಮನೆಗೆ ಬಾ’ ಅಂತ ಹಾಕಿಸಿದಳು. ನಾನು ಆಗ ಮೈಸೂರಲ್ಲಿ ಓದುತ್ತಿದ್ದೆ, ಕಣ್ಣಲ್ಲಿ ಕಂಡಿಲ್ಲ. ಕಟಿಂಗ್ ಇತ್ತು. ನಾನು ನೋಡುವ ಮೊದಲೇ ಗೆದ್ದಲು ತಿಂದಿತು.

ಅಣ್ಣ ಬರಲಿಲ್ಲ. ಓದಿಯೂ ಬರಲಿಲ್ಲ. ನಾವು ನಂಬಿಕೊಂಡು ಬಂದದ್ದು ಇದೇ.

ಫೆ. ೧೪

ಪೇಪರಿನವರು ಹಳೆಯ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕಿದ್ದಾರೆ. ಸಬ್‌ಸ್ಕ್ರಿಪ್ಷನ್ ತೆಗೆದುಕೊಂಡೆ. ಸರ್ಚ್ ಬಾಕ್ಸಿನಲ್ಲಿ ‘ರೇಣುಕಪ್ರಸಾದ’ ಅಂತ ಹೊಡೆದೆ. ‘ಯಾವುದೇ ಫಲಿತಾಂಶವಿಲ್ಲ’. ‘ಬಣಕಲ್’ — ಇಲ್ಲ. ‘ಕಾಫಿ’ ಅಂತ ಹೊಡೆದರೂ ಇಲ್ಲ! ಹಳೆಯ ಪುಟಗಳೆಲ್ಲ ಬರೀ ಫೋಟೋ. ದಿನಾಂಕ ಕೊಟ್ಟು ಒಂದೊಂದೇ ಪುಟ ತಿರುಗಿಸಬೇಕು.

ಗಿರಾಕಿ ಇಲ್ಲದ ಹೊತ್ತಲ್ಲಿ ನೋಡುತ್ತೇನೆ.

ಫೆ. ೨೦

ಅಪ್ಪನದು ಸಿಕ್ಕಿತು. ಎಷ್ಟು ಸಲೀಸಾಗಿ ಸಿಕ್ಕಿತು! ಅಣ್ಣ ಹೋದ ತಿಂಗಳು ಗೊತ್ತಿತ್ತು, ಮುಂದಿನ ವಾರವೇ ಇದೆ. ಕಪ್ಪು ಚೌಕಟ್ಟು, ಲಾಯರ್ ಹೆಸರು. ‘...ಎಂಬುವನು ನಮ್ಮ ಮಾತು ಮೀರಿ ಮನೆ ಬಿಟ್ಟು ಹೋಗಿದ್ದು, ಇನ್ನು ಮುಂದೆ ಅವನಿಗೂ ನಮ್ಮ ಕುಟುಂಬಕ್ಕೂ ಯಾವುದೇ ಸಂಬಂಧ ಇರುವುದಿಲ್ಲ.’

‘ಎಂಬುವನು’! ಕಳೆದುಹೋದ ಎಮ್ಮೆಯ ಬಗ್ಗೆ ಬರೆಸಿದ್ದರೂ ಇಷ್ಟು ಒರಟಾಗಿ ಬರೆಸುತ್ತಿರಲಿಲ್ಲ. ಪಕ್ಕದಲ್ಲೇ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಜಾಹೀರಾತು. ಅಣ್ಣ ಇದನ್ನು ಯಾವುದೋ ಊರಿನ ಹೋಟೆಲಿನಲ್ಲಿ ಕುಳಿತು ಓದಿರಬೇಕು. ಫೋನ್ ಕೆಳಗಿಟ್ಟೆ.

ಮಾರ್ಚ್ ೩

ಹತ್ತು ದಿನದಿಂದ ಬರೆದಿಲ್ಲ. ಶಿವರಾತ್ರಿ, ಅಂಗಡಿ, ಅಮ್ಮನ ಮಂಡಿನೋವು. ನಡುವೆ ತೊಂಬತ್ತೆಂಟರ ಮಾರ್ಚ್ ಪೂರ್ತಿ ನೋಡಿದೆ. ಇಲ್ಲ. ಏಪ್ರಿಲ್ ಅರ್ಧ ನೋಡಿದೆ. ಅಲ್ಲೂ ಇಲ್ಲ.

ಆ ಪುಟ ಎಂಥ ಪುಟ! ಹೆಸರು ಬದಲಾಯಿಸಿಕೊಂಡವರು, ಮಾರ್ಕ್ಸ್ ಕಾರ್ಡ್ ಕಳೆದುಕೊಂಡವರು, ಶ್ರದ್ಧಾಂಜಲಿಗಳು, ಮನೆ ಬಿಟ್ಟು ಹೋದ ಗಂಡಂದಿರು. ‘ಅಮ್ಮನಿಗೆ ಹುಷಾರಿಲ್ಲ, ಕೂಡಲೇ ಬಾ’ ಅಂತ ಎಷ್ಟೊಂದು. ಪ್ರತಿಯೊಂದಕ್ಕೂ ಎದೆ ಹಾರುತ್ತದೆ. ಯಾವುದೂ ನಮ್ಮದಲ್ಲ.

ಸೌಮ್ಯ ಮೆಸೇಜ್ ಹಾಕಿದ್ದಾಳೆ. ‘ಅಜ್ಜಿ ಏನಂದ್ರು ಅತ್ತೆ?’ ಉತ್ತರ ಕೊಟ್ಟಿಲ್ಲ.

ಮಾ. ೮, ಶನಿವಾರ

ಏಪ್ರಿಲ್ ಮುಗಿಯಿತು. ಮೇ, ಜೂನ್ ಕೂಡ. ಇಲ್ಲ.

ಕೆಟ್ಟ ಯೋಚನೆ ಬಂತು. ಅಮ್ಮ ಹಾಕಿಸಿಯೇ ಇಲ್ಲವೇನೋ. ಹಾಕಿಸಬೇಕು ಅಂತ ಇದ್ದು, ಅಂಜಿ, ಆಮೇಲೆ ಹಾಕಿಸಿದೆ ಅಂತ ತಾನೇ ನಂಬಿಕೊಂಡಿದ್ದರೆ? ಸಂಜೆ ಕೇಳಿಯೇಬಿಟ್ಟೆ. ಕೇಳಿದ ರೀತಿ ಸರಿಯಿರಲಿಲ್ಲ, ಗೊತ್ತು.

“ಅಮ್ಮಾ, ನಿಜ ಹೇಳು. ಹಾಕ್ಸಿದ್ದು ಹೌದಾ?”

ನನ್ನನ್ನು ನೋಡಿದ ನೋಟ!

“ಎಂತ ಮಾತಾಡ್ತೀಯ ಮಾರಾಯ್ತಿ? ಏಜೆಂಟ್ ಉಮೇಶನ ಕೈಲಿ ನಾನೇ ಕೊಟ್ಟಿದ್ದು. ಪೇಪರ್ ಬಂದ ದಿನ ಜಗಲಿ ಮೇಲೆ ನಿಂತು ಓದ್ದೆ. ಈ ಕಣ್ಣಲ್ಲಿ ನೋಡಿದ್ದೇನೆ, ಸುಳ್ಳು ಹೇಳ್ತೀನಾ?”

ಆಮೇಲೆ ಮಾತು ಬಿಟ್ಟಿದ್ದಾಳೆ. ನನಗೂ ಬೇಕಾಗಿದ್ದದ್ದೇ.

ಮಾ. ೯, ಭಾನುವಾರ

ಅಂಗಡಿ ಅರ್ಧ ದಿನ. ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಗೆ ಹೋದೆ. ಉಮೇಶಣ್ಣನಿಗೆ ಈಗ ಸೊಂಟ ಬಗ್ಗಿದೆ, ಏಜೆನ್ಸಿ ಮಾತ್ರ ಬಿಟ್ಟಿಲ್ಲ.

“ಹಾಕ್ಸಿದ್ರು ತನುಜಕ್ಕ, ನಾನೇ ಬಸ್ಸಿಗೆ ಕವರ್ ಕೊಟ್ಟಿದ್ದು. ಎಲ್ಲಿ ನೋಡಿದ್ರಿ ನೀವು?”

ಮೊಬೈಲ್ ತೋರಿಸಿದೆ. ಕನ್ನಡಕ ಹಣೆಗೇರಿಸಿ ಪುಟದ ಮೂಲೆ ದಿಟ್ಟಿಸಿದರು.

“ಅಯ್ಯೋ, ಇದು ಹುಬ್ಬಳ್ಳಿ ಎಡಿಷನ್ನಲ್ದಾ! ನಮ್ಗೆ ಬರ್ತಿದ್ದದ್ದು ಮಂಗಳೂರು ಪ್ರಿಂಟು. ಘಾಟಿ ಹತ್ತಿ ಬೆಳಗಿನ ಜಾವ ಬರ್ತಿತ್ತು.”

ನೋಡಿದರೆ ಪುಟದ ಮೇಲೆ ಒಂದು ಸಣ್ಣ ಬಾಣದ ಗುರುತು. ಒತ್ತಿದರೆ ಊರುಗಳ ಸಾಲು. ಸೈಟು ತೆರೆದ ಕೂಡಲೇ ಹುಬ್ಬಳ್ಳಿ ಬರುತ್ತದೆ, ನಾನು ಬದಲಾಯಿಸಿಯೇ ಇಲ್ಲ. ಮಂಗಳೂರು ಅಂತ ಒತ್ತಿ ಅಲ್ಲೇ ನಿಂತು ಹುಡುಕಿದೆ. ಏಪ್ರಿಲ್ ಎರಡನೇ ವಾರ. ಸಿಕ್ಕಿತು.

‘ಚಿ. ರೇಣುಕಪ್ರಸಾದ, ಎಲ್ಲಿದ್ದರೂ ಇದನ್ನು ನೋಡಿದ ಕೂಡಲೇ ಮನೆಗೆ ಬಾ. ಅಪ್ಪ ಇಲ್ಲ. ಯಾರೂ ಏನೂ ಅನ್ನುವುದಿಲ್ಲ. ಅವಳನ್ನೂ ಕರೆದುಕೊಂಡು ಬಾ. — ನಿನ್ನ ತಾಯಿ, ಬಣಕಲ್.’

ಅವಳನ್ನೂ ಕರೆದುಕೊಂಡು ಬಾ. ಇದನ್ನು ಅಮ್ಮ ನನಗೆ ಯಾವತ್ತೂ ಹೇಳಿರಲಿಲ್ಲ.

ಬಸ್‌ಸ್ಟ್ಯಾಂಡಲ್ಲೇ ಅತ್ತುಬಿಟ್ಟೆ. ಉಮೇಶಣ್ಣ ಸ್ಟೂಲ್ ಕೊಟ್ಟರು. ಕಣ್ಣೊರೆಸಿಕೊಳ್ಳುವಾಗ ಹೊಳೆಯಿತು. ಕೇಳಿದೆ — ರಾಣೆಬೆನ್ನೂರಿಗೆ ಹೋಗುತ್ತಿದ್ದದ್ದು ಯಾವುದು?

“ಆ ಕಡೆಗೆಲ್ಲ ಹುಬ್ಬಳ್ಳಿದೇ.”

“ಅಪ್ಪ ಹಾಕ್ಸಿದ್ದು ಅಲ್ಲೂ ಇದೆಯಲ್ಲ?”

“ಅದು ಲಾಯರ್ ಮೂಲಕ ಹೋಗಿದ್ದು. ಎಲ್ಲಾ ಎಡಿಷನ್. ನಿಮ್ಮಮ್ಮನ್ನ ಯಾವುದಕ್ಕೆ ಹಾಕ್ಲಿ ಅಂತ ಕೇಳ್ದೆ. ‘ನಮ್ಮೂರಿಗೆ ಬರೋ ಪೇಪರಿಗೇ ಹಾಕು ಉಮೇಶಾ, ಮರ್ತು ಬೇರೆದಕ್ಕೆ ಹಾಕ್ಬಿಟ್ಟೀಯ’ ಅಂದ್ರು. ಮಗ ಎಲ್ಲಿದ್ದಾನೆ ಅಂತ ಯಾರಿಗೆ ಗೊತ್ತಿತ್ತು ಆಗ?”

ಅವರದೂ ತಪ್ಪಲ್ಲ. ಅಮ್ಮ ತಾನು ಓದುವ ಪೇಪರನ್ನೇ ಮಗನೂ ಓದುತ್ತಾನೆ ಅಂದುಕೊಂಡಳು. ಹೆಸರು ಒಂದೇ, ಬೆಳಿಗ್ಗೆ ಬರುವುದೂ ಒಂದೇ. ತಾನು ಕಣ್ಣಾರೆ ನೋಡಿದ ಮೇಲೆ ಅವನು ನೋಡದೆ ಇರುವುದುಂಟೇ?

ನಾನು ತಿಂಗಳಿಡೀ ತಿರುಗಿಸಿದ್ದು ಅಣ್ಣನ ಊರಿಗೆ ಹೋಗುತ್ತಿದ್ದ ಪೇಪರು. ಅವನಿಗೆ ಸಿಕ್ಕಿದ್ದಷ್ಟೇ ನನಗೂ ಸಿಕ್ಕಿದ್ದು.

ಮಾ. ೧೦

ಹೇಳಲೋ ಬೇಡವೋ. ಬೆಳಿಗ್ಗೆಯಿಂದ ಕೆಂಪು ಕೇಳಿದವರಿಗೆ ಮರೂನ್ ಕೊಡುತ್ತಿದ್ದೇನೆ.

‘ಓದಿಯೂ ಬರಲಿಲ್ಲ’ ಅನ್ನುವ ಸಿಟ್ಟಿನ ಮೇಲೇ ಅಮ್ಮ ಇಷ್ಟು ಕಾಲ ನಿಂತಿದ್ದಾಳೆ. ಅದನ್ನು ಈ ವಯಸ್ಸಿನಲ್ಲಿ ಕಿತ್ತುಕೊಳ್ಳಲೇ?

ಮಾ. ೧೧

ಪುಟವನ್ನು ಮೂಡಿಗೆರೆಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದು ಅಮ್ಮನಿಗೆ ಕೊಟ್ಟೆ. ಬೆರಳಿಟ್ಟು ಓದಿದಳು. ಮುಖ ಅರಳಿತು. “ನೋಡು! ಸುಳ್ಳು ಹೇಳ್ತೀನಿ ಅಂದ್ಯಲ್ಲ!” ಮಾತು ಬಿಟ್ಟಿದ್ದವಳು ಮಾತಾಡಿದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು.

“ಅವ್ನಿದ್ದ ಊರಲ್ಲೂ ಇದೇ ಬಂದಿರ್ತದಲ್ಲ ತನೂ?”

“ಹೂಂ, ಬಂದಿತ್ತು” ಅಂದೆ. ಬಾಯಿಗೆ ಬಂದಿದ್ದು ಅಂದುಬಿಟ್ಟೆ.

“ಹಾಗಾದ್ರೆ ಓದಿದ್ದಾನೆ.” ಕಾಗದ ಮಡಚಿದಳು. “ಅದೇ ನಿಮ್ಮಪ್ಪ ಓಂಕಾರಮೂರ್ತಿಯ ಹಟ. ಅಪ್ಪನ ಹಾಗೇ. ಆ ಹುಡ್ಗಿಗೆ ಕಳ್ಸು ಇದನ್ನ. ಅವರಪ್ಪ ಎಂಥವ ಅಂತ ನೋಡ್ಲಿ.”

ಮಾ. ೧೪

ಕಳಿಸಲಾಗುತ್ತಿಲ್ಲ. ಫೋಟೋ ಅಟ್ಯಾಚ್ ಮಾಡುತ್ತೇನೆ, ತೆಗೆಯುತ್ತೇನೆ. ತಂದೆ ಸತ್ತು ಐದು ತಿಂಗಳಾಗಿಲ್ಲ, ಆ ಮಗುವಿಗೆ ‘ನಿಮ್ಮಪ್ಪನದೇ ತಪ್ಪು’ ಅಂತ ಕಳಿಸುವುದೇ? ತಪ್ಪು ಅವನದಲ್ಲ ಅಂತ ಗೊತ್ತಿದ್ದೂ?

ಅಮ್ಮ ದಿನಾ ಕೇಳುತ್ತಾಳೆ. “ಕಳ್ಸಿದ್ಯಾ?”

ಮಾ. ೧೬, ಭಾನುವಾರ

ನಿನ್ನೆ ಹೂಮಳೆ. ಇವತ್ತು ಹೇಳಿಬಿಟ್ಟೆ. ಮಂಗಳೂರಿನದು, ಹುಬ್ಬಳ್ಳಿಯದು, ಎರಡು ಪ್ರಿಂಟುಗಳನ್ನೂ ಮುಂದಿಟ್ಟೆ. ಒಂದೇ ಹೆಸರು, ಒಂದೇ ತಾರೀಖು. ಒಂದರಲ್ಲಿ ಅಮ್ಮನ ಮಾತು. ಇನ್ನೊಂದರಲ್ಲಿ ಅದೇ ಜಾಗದಲ್ಲಿ ಪಂಪ್‌ಸೆಟ್ಟಿನ ಜಾಹೀರಾತು.

ಎರಡನ್ನೂ ಎತ್ತಿ ಎತ್ತಿ ನೋಡಿದಳು.

“ಪೇಪರ್ ಒಂದೇ ಅಲ್ವೇನೇ? ಎಲ್ಲಾ ಕಡೆ ಒಂದೇ ಅಲ್ವಾ?”

“ಅಲ್ಲಮ್ಮ.”

“ಅಪ್ಪಂದು?”

“ಎರಡರಲ್ಲೂ ಇದೆ.”

ನಾನು ಸಾರಿಗೆ ಒಗ್ಗರಣೆ ಹಾಕಿದೆ, ಬಡಿಸಿದೆ, ಅವಳು ಮುಟ್ಟಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೇಳಿದಳು. “ಇಷ್ಟು ವರ್ಷ ಅವನ್ನ ಬೈದ್ನಲ್ಲೇ ತನೂ. ಪೂಜೆಗೆ ಕೂತಾಗ್ಲೂ ಬೈದಿದೀನಿ.”

ನಾನೂ ಬೈದಿದ್ದೇನೆ. ಪಕ್ಕದಲ್ಲಿ ಕುಳಿತೆ, ಅಷ್ಟೆ.

“ಬರೋಕೆ ಹೇಳು ಅವ್ಳಿಗೆ. ಪೇಪರ್ ಗೀಪರ್ ಬೇಡ” ಅಂದಳು.

ಏಪ್ರಿಲ್ ೬, ಭಾನುವಾರ, ಸಂಜೆ

ಸೌಮ್ಯ ಬಂದಳು. ಯುಗಾದಿಗೆ ರಜೆ ಸಿಗಲಿಲ್ಲವಂತೆ. ಬಸ್ಸಿಳಿದು ಬ್ಯಾಗ್ ಹೆಗಲಿಗೆ ಹಾಕಿಕೊಂಡ ರೀತಿ ನೋಡಿ ದೂರದಿಂದಲೇ ಗೊತ್ತಾಯಿತು, ಇವಳು ನಮ್ಮವಳು. ಅಮ್ಮ ಜಗಲಿಯಲ್ಲೇ ತಬ್ಬಿಕೊಂಡಳು. ಬಿಡಲೇ ಇಲ್ಲ. ಕಡುಬು ಮಾಡಿಸಿದ್ದಳು. ತಿನ್ನು ತಿನ್ನು ಅಂತ ಒತ್ತಾಯ.

ಹಳೆಯದೇನನ್ನೂ ಎತ್ತಬಾರದು ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಅಮ್ಮನಿಗೆ ತಡೆಯಲಾಗಲಿಲ್ಲ.

“ಅವ್ನು ಪೇಪರ್ ಓದ್ತಿದ್ನಾ ಮಗಾ?”

ಸೌಮ್ಯ ನಕ್ಕಳು. ಪಾಪ, ಅವಳಿಗೇನು ಗೊತ್ತು?

“ಓದಾದೇನ್ ಕೇಳ್ತೀರಿ ಅಜ್ಜಿ! ಪೇಪರ್ ಬಂತಂದ್ರ ಮೊದ್ಲು ಆ ಸಣ್ಣ ಜಾಹೀರಾತಿನ ಪುಟಾನೇ ತಗೀತಿದ್ರು. ಒಂದಿನಾನೂ ತಪ್ಪಿಲ್ಲ. ಪೂರಾ ನೋಡಿ, ‘ಇವತ್ತೂ ಇಲ್ಲ ಬಿಡು’ ಅಂತ ಮಡಚಿಡ್ತಿದ್ರು. ‘ಏನ್ ಹುಡುಕ್ತೀರಿ?’ ಅಂತ ಅವ್ವ ಕಾಡಿಸ್ತಿದ್ಲು. ಹೇಳ್ತಿರ್ಲಿಲ್ಲ.”

ನಾನು ಅಮ್ಮನ ಮುಖ ನೋಡಲಾರದೆ ತಟ್ಟೆ ಎತ್ತಿಕೊಂಡು ಒಳಗೆ ಬಂದೆ. ಅಡುಗೆಮನೆಯಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿಗೇ ಕೇಳುತ್ತಿದೆ. ಅಮ್ಮ ಆ ಹುಡುಗಿಯ ಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದಾಳೆ. “ಇತ್ತು ಮಗಾ. ಇತ್ತು. ನಮ್ಮೂರಿನದ್ರಲ್ಲಿ ಇತ್ತು.” ಸೌಮ್ಯ “ಏನಿತ್ತಜ್ಜಿ?” ಅಂತ ಕೇಳುತ್ತಿದ್ದಾಳೆ. ಅಮ್ಮ ಮತ್ತೆ ಅದನ್ನೇ —