ಉಗಿಯಿಲ್ಲದ ಕಾಫಿ

ಸವಣೂರು
ಬುಧವಾರ, ೧೨ ನವೆಂಬರ್ ೨೦೨೫

ಬೇಟಿ ಸುಮಯ್ಯ,

ನಿನ್ನ ಖಲಂದರ ಮಾಮೂನ ದುವಾ ನಿನಗೂ, ಹೊಟ್ಟೆಯಲ್ಲಿರುವ ನಮ್ಮ ಹೊಸ ಮೆಹಮಾನನಿಗೂ. ಫೋನಿರುವಾಗ ಈ ಮುದುಕನಿಗೆ ಕಾಗದದ ಚಪಲವೇಕೆ ಎಂದು ನಗಬೇಡ. ಫೋನಿನಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ, ಬಡಾಯಿಗೆ ಇಳಿದುಬಿಡುತ್ತದೆ. ಹತ್ತಿಮತ್ತೂರಿನ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತ ಅಕ್ಷರ ಅಷ್ಟು ಓಡುವುದಿಲ್ಲ.

ಮೊದಲು ಕೆಲಸದ ಮಾತು. ಶುಕ್ರವಾರ ಶಿಗ್ಗಾಂವಿಯಿಂದ ಹುಬ್ಬಳ್ಳಿಯ ಅಂಗಡಿಗೆ ಹೋಗಬೇಕಾದ ಆ ಅರವತ್ತು ಬಾಟಲಿ ಕಾಫಿ ಕಳಿಸಬೇಡ. ಒಂದನ್ನೂ ಕಳಿಸಬೇಡ.

ಸಿಟ್ಟು ಬರುತ್ತದೆ, ಗೊತ್ತು. ಸೋಮವಾರ ರುಚಿ ನೋಡಲೆಂದು ನೀನು ಹಳೆಯ ಡ್ರಮ್ಮಿನದಕ್ಕೆ ಬಿಳಿ ದಾರ, ಹೊಸ ಡ್ರಮ್ಮಿನದಕ್ಕೆ ಕೆಂಪು ದಾರ ಕಟ್ಟಿ ಕಳಿಸಿದ ಎರಡು ಬಾಟಲಿಗಳಲ್ಲಿ ಕೆಂಪು ದಾರದ್ದೇ ಅವ್ವಲ್, ಅದನ್ನೇ ತುಂಬಿಸು ಎಂದವನು ನಾನೇ. ನೀನು ಅಂದದ್ದು ಕಿವಿಯಲ್ಲಿದೆ: "ಬಸುರಾದಾಗಿಂದ ನನ್ನ ನಾಲಿಗಿಗೆ ಎಲ್ಲಾ ಕಹಿ ಹತ್ತಾಕತ್ತೈತ್ರಿ ಮಾಮೂ. ನಿಮ್ಮ ಅಳಿಯಗ ಚಹಾ ಬಿಟ್ರ ಬ್ಯಾರೆ ತಿಳಿಯಂಗಿಲ್ಲ. ನಿಮ್ಮ ಮೂಗ ನನಗ ಆಧಾರ." ಇಂಥ ಮಾತಿಗೆ ಉಬ್ಬದಿರಲು ನಾನೇನು ಫಕೀರನೇ?

ನನ್ನ ಮೂಗಿನ ಕಥೆ ಊರಿಗೇ ಗೊತ್ತು. ರಂಜಾನಿನಲ್ಲಿ ರೋಜಾ ಇದ್ದು, ನಾಲಿಗೆಗೆ ಒಂದು ಹನಿ ತಾಗಿಸದೆ, ಇನ್ನೂರು ಜನರ ಡೇಗಿನ ಮುಚ್ಚಳ ಸರಿಸಿ ಉಗಿ ಮೂಸಿ, ಉಪ್ಪು ಒಂದು ಹಿಡಿ ಕಮ್ಮಿ ಎನ್ನುವ ಬಾವರ್ಚಿ ಬಂಕಾಪುರ, ಹಾನಗಲ್ಲ ಸುತ್ತಿದರೂ ಇನ್ನೊಬ್ಬನಿರಲಿಲ್ಲ. ಇದು ಬಡಾಯಿಯಲ್ಲ. ಸ್ವಲ್ಪ ಬಡಾಯಿ.

ಆದರೆ ನೀನು ಕಳಿಸಿದ್ದು ತಣ್ಣನೆಯ ಕಾಫಿ. ನೀನೇ ಹುರಿದ ಬೀಜದ ಪುಡಿಯನ್ನು ಹದಿನೆಂಟು ತಾಸು ತಣ್ಣೀರಿನಲ್ಲಿ ನೆನೆಯಿಟ್ಟು ಸೋಸಿದ್ದು. ಅದಕ್ಕೆ ಉಗಿ ಎಲ್ಲಿಂದ ಬರಬೇಕು? ಎರಡರದ್ದೂ ಅರ್ಧರ್ಧ ಬೇರೆಬೇರೆ ಪಾತೇಲಿಗೆ ಸುರಿದು ಒಲೆಯ ಮೇಲಿಟ್ಟೆ. ನಗುತ್ತೀ, ನಗು. ಉಗಿ ಬಂತು. ಬಗ್ಗಿದೆ. ಮುಖ ಒದ್ದೆಯಾಯಿತು, ಅಷ್ಟೇ.

ಬೇಟಿ, ಕೊರೊನಾ ಜ್ವರದಲ್ಲಿ ಹೋದ ನನ್ನ ಮೂಗಿನ ಶಕ್ತಿ ಮರಳಿ ಬಂದಿಲ್ಲ. ನನಗೆ ಅತ್ತರೂ ಒಂದೇ, ಗಟಾರವೂ ಒಂದೇ. ನಾಲಿಗೆಗೆ ಬಿಸಿ, ತಂಪು ಬಿಟ್ಟು ಏನೂ ತಿಳಿಯದು. ಯಾರಿಗೂ ಹೇಳಿಲ್ಲ. ಮೂಗು ಸತ್ತ ಬಾವರ್ಚಿಯನ್ನು ಯಾರು ಮದುವೆಗೆ ಕರೆಯುತ್ತಾರೆ? ಕೆಂಪು ದಾರ ಎಂದದ್ದು ಯಾಕೆಂದರೆ, ಬೆಳಕಿಗೆ ಹಿಡಿದಾಗ ಅದರ ಬಣ್ಣ ಚೆಂದ ಕಂಡಿತು.

ಇವತ್ತು ಬೆಳಿಗ್ಗೆ ನಿನ್ನ ಮಾಮಿ ಗೌಸಬಿ ಫ್ರಿಜ್ಜಿನಲ್ಲಿ ಉಳಿದಿದ್ದ ಎರಡನ್ನೂ ಗುಟುಕರಿಸಿದಳು. ಬಿಳಿ ದಾರದ್ದಕ್ಕೆ ತುಟಿ ಚಪ್ಪರಿಸಿದಳು. ಕೆಂಪು ದಾರದ್ದನ್ನು ಮೋರಿಗೆ ಉಗುಳಿದಳು. "ಏನ್ರೀ, ಇದು ಹಳಸೈತಿ. ಮಂದಿಗೆ ಕುಡಿಸ್ತಾಳೇನ ಹುಡುಗಿ ಇದನ್ನ?" ನಿನಗೇನು ಗೊತ್ತು ಕಾಫಿ ಎಂದು ಗದರಿಸಿದೆ. ಆಮೇಲೆ ಕಟ್ಟೆಯ ಮೇಲೆ ಹೋಗಿ ಕುಳಿತೆ.

ಮಧ್ಯಾಹ್ನ ನೀನು ಫೋನು ಮಾಡಿ, ಅರವತ್ತಕ್ಕೂ ನಿನ್ನ ಹೆಸರಿನ ಚೀಟಿ ಅಂಟಿಸಾಯಿತು, ಮೊದಲ ಆರ್ಡರು, ಮಾಮೂನ ದುವಾ ಎಂದೆ. ನಾನು ಹೇಳಿಬಿಡಬೇಕೆಂದು ಬಾಯಿ ತೆರೆದೆ. ಬಂದದ್ದು ಶಾಬಾಶ್.

ಅದಕ್ಕೇ ಈ ಕಾಗದ. ನಾಳೆ ಮೊದಲ ಬಸ್ಸಿಗೆ ಗೌಸಬಿ ತರುತ್ತಾಳೆ; ಬಸುರಿಯನ್ನು ನೋಡಿ ಬರಲೆಂದು ಕಳಿಸುತ್ತಿದ್ದೇನೆ. ಕೆಂಪು ದಾರದ್ದು ಡ್ರಮ್ಮಿನಲ್ಲಿರಲಿ, ಬಾಟಲಿಯಲ್ಲಿರಲಿ, ಚೆಲ್ಲಿಬಿಡು. ಹಳೆಯ ಡ್ರಮ್ಮಿನಿಂದ ಎಷ್ಟು ಬಾಟಲಿ ಆಗುತ್ತವೋ ಅಷ್ಟನ್ನೇ ತುಂಬಿಸು. ಅದನ್ನೂ ಅವಳ ನಾಲಿಗೆಗೆ ತೋರಿಸದೆ ಕಳಿಸಬೇಡ. ಅಂಗಡಿಯವರಿಗೆ ಬಾಟಲಿ ಕಡಿಮೆ ಬಿದ್ದರೆ "ತಪ್ಪು ನನ್ನ ಮಾಮೂನದು" ಎನ್ನು. ನನ್ನ ಹೆಸರನ್ನೂ ಹೇಳು.

ಮೂಗು ಹೋದರೂ ಜಂಬ ಹೋಗದ,
ನಿನ್ನ ಮಾಮೂ
ಖಲಂದರ

ತಾ.ಕ.: ಗೌಸಬಿ ಉರ್ದು ಓದುತ್ತಾಳೆ, ಕನ್ನಡ ಓದಲು ಬಾರದು. ಅದಕ್ಕೇ ಧೈರ್ಯವಾಗಿ ಬರೆದಿದ್ದೇನೆ. ನೀನು ಇವತ್ತಿಗೂ ಹೊಗಳುವ ನಿನ್ನ ನಿಕಾಹದ ಬಿರಿಯಾನಿ ಇದೆಯಲ್ಲ, ಮೂಗು ಹೋದ ಮೇಲೆ ನಾನು ಮಾಡಿದ ಮೊದಲ ಮದುವೆಯ ಅಡುಗೆ ಅದು; ಅಂದು ನಾನು ಬೀಗರ ಮುಂದೆ ಗಡ್ಡ ನೀವುತ್ತ ನಿಂತಾಗ ಅವಳು ಹಿಂದಿನಿಂದ ಬಂದು, ಮಾಂಸದ ಡೇಗಿನ ರುಚಿ ನೋಡಿ, ಎರಡು ಹಿಡಿ ಉಪ್ಪು ಹಾಕಿ ಮುಚ್ಚಿ ಹೋದಳು. ಅಂದಿನಿಂದ ಪ್ರತಿ ಮದುವೆಯಲ್ಲೂ ಹಾಗೆಯೇ. ನಾನು ನೋಡಿದ್ದು ಅವಳಿಗೆ ತಿಳಿಯದು. ನೀನೂ ಹೇಳಬೇಡ.