ಸಮನ್ಸಿನ ಮೇಲೆ ನಿನ್ನ ಸಹಿ

ಅಣ್ಣಾ,

ವಕೀಲರ ಫೀಸು, ಓಡಾಟ, ಆ ತೀರ್ಪಿನಿಂದ ಬೀಗ ಬಿದ್ದ ನನ್ನ ಅಂಗಡಿಯ ನಷ್ಟ, ಎಲ್ಲ ಸೇರಿ ನಲವತ್ತೊಂದು ಸಾವಿರ. ಎಂದೋ ತೀರಿಸಿದ ಸಾಲಕ್ಕೆ ನನಗೇ ಗೊತ್ತಿಲ್ಲದೆ ಆಗಿದ್ದ ತೀರ್ಪನ್ನು ರದ್ದು ಮಾಡಿಸಲು ಇಷ್ಟು ಕೈಬಿಟ್ಟು ಹೋಯಿತು.

ಸಮನ್ಸು ಹಳೆಯ ವಿಳಾಸಕ್ಕೆ, ನಿನ್ನ ಮನೆಗೆ ಬಂದಿತ್ತು. ಸಹಿ ಹಾಕಿ ತೆಗೆದುಕೊಂಡ ನೀನು ನನಗೆ ತಲುಪಿಸಲಿಲ್ಲ.

"ಒಂದೇ ಮನೇಲಿರೋ ಅಣ್ಣ ತಗೊಂಡ್ರೆ ನೀವೇ ತಗೊಂಡ ಹಾಗೆ ಕಣ್ರೀ. ಬೇರೆ ಇದ್ವಿ, ಹೋಗಿಬರೋದೂ ಇರಲಿಲ್ಲ ಅಂತ ಹೇಳ್ಬೇಕು," ಎಂದರು ನಮ್ಮ ವಕೀಲರು.

ಹೋದ ತಿಂಗಳು ನಾನು ಕಟಕಟೆಯಲ್ಲಿದ್ದಾಗ ಎದುರಿನ ವಕೀಲ ಕೇಳಿದ: "ಅಣ್ಣ ತೀರಿಕೊಂಡಾಗಲಾದ್ರೂ ಹೋಗಿದ್ರಲ್ಲ?"

"ಇಲ್ಲ ಸ್ವಾಮಿ."

ಆ ಒಂದು ಮಾತಿಗೆ ಕೇಸು ನನ್ನ ಕಡೆ ವಾಲಿತು.

ವಕೀಲರಿಗೆ ಫೀಸು ಬಂತು. ಸಾಲ ಕೊಟ್ಟವನಿಗೆ ಮೊದಲಿಂದ ಕೇಸು ನಡೆಸುವ ಅವಕಾಶ ಸಿಕ್ಕಿತು. ನನಗೆ ಅಂಗಡಿಯ ಬೀಗದ ಕೈ ಸಿಕ್ಕಿತು. ನೀನು ನನ್ನ ಮನೆಯವನಲ್ಲ ಎಂದು ಕೋರ್ಟು ಬರೆದುಕೊಟ್ಟಿತು. ಅದು ನಿನ್ನ ಪಾಲು.