ಅತ್ತಿಗೆ ನಂಬದ ಹಸಿರು ದೀಪ

ಹೆದ್ದಾರಿ ಪಕ್ಕದ ಗಾಡಿ ತಂಗುದಾಣ
ತಾರೀಕು ಹದಿನಾಲ್ಕು, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೇ? ಹಡಗಿನ ಅಡುಗೆಮನೆಯಲ್ಲಿ ನಿಂತೂ ನಿಂತೂ ಕಾಲು ಬಾತುಕೊಳ್ಳುತ್ತದೆ ಎಂದು ಬರೆದಿದ್ದೆಯಲ್ಲ, ಈಗ ಇಳಿದಿದೆಯೆ? ಅಲೆ ಎದ್ದಾಗ ಹೊಟ್ಟೆ ತೊಳಸುವುದು ನಿಂತಿತೆ? ಅಷ್ಟು ಜನರಿಗೆ ಬೇಯಿಸಿ ಹಾಕುವವಳು ನೀನೇ ಅರೆಹೊಟ್ಟೆಯಲ್ಲಿ ಮಲಗಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿಮ್ಮಮ್ಮನ ವಿಷಯ ಮುಂದೆ ಬರುತ್ತದೆ, ಗಾಬರಿಯಾಗದೆ ಓದು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ದಡ ಮುಟ್ಟಿ ಫೋನ್ ಮಾಡಿದರೆ ನನಗಿಂತ ಮೊದಲು ಅವರೇ ಹಾರಿ ಎತ್ತುತ್ತಾರೆ. ನನ್ನ ಕೈಗೆ ಸಿಕ್ಕರೂ ಏನು ಬಂತು, ಅಡುಗೆ, ಹಾಸಿಗೆ, ಪಾಯಿಖಾನೆ ಎಲ್ಲ ಒಟ್ಟಿಗೇ ಇರುವ ಈ ಮನೆಗಾಡಿಯಲ್ಲಿ ಮೂಗು ಎಳೆದರೆ ಮೂಲೆಮೂಲೆಗೂ ಕೇಳುತ್ತದೆ. ಈಗ ಅವರು ಪಕ್ಕದ ಗಾಡಿಯ ಅಜ್ಜಿಯ ಜೊತೆ ಬಟ್ಟೆ ಒಗೆಯುವ ಕೋಣೆಗೆ ಹೋಗಿದ್ದಾರೆ. ಬರುವಷ್ಟರಲ್ಲಿ ಬರೆದು ಮುಗಿಸಬೇಕು.

ಮೊದಲು ನಿನ್ನ ಚಿಕ್ಕಪ್ಪನ ಪ್ರತಾಪ ಕೇಳು. ನಮ್ಮ ಗಾಡಿಯ ಪಾಯಿಖಾನೆ ಟ್ಯಾಂಕಿಗೆ ಹೊಸ ಸೆನ್ಸರ್ ಕೂರಿಸಿದ್ದೇನೆ, ಒಬ್ಬನೇ, ಯಾರ ಸಹಾಯವೂ ಇಲ್ಲದೆ. ಹಳೆಯದರಲ್ಲಿ ಟ್ಯಾಂಕಿನ ಗೋಡೆ ತೂರಿ ಒಳಕ್ಕೆ ಚಾಚಿದ ಲೋಹದ ಮೊಳೆಗಳಿದ್ದವು. ಯಾವ ಮೊಳೆಗೆ ನೀರು ಮುಟ್ಟುತ್ತದೋ ಅದರ ದೀಪ ಉರಿಯಬೇಕು. ಆದರೆ ಮೊಳೆಗೆ ಕೊಳೆ ಮೆತ್ತಿಕೊಂಡಿತೋ, ಟ್ಯಾಂಕು ಬರಿದಾಗಿದ್ದರೂ ಕೆಂಪು ದೀಪ ‘ತುಂಬಿದೆ, ತುಂಬಿದೆ’ ಎಂದು ಬಾಯಿ ಬಡಿದುಕೊಳ್ಳುತ್ತದೆ. ಹೊಸದು ಹಾಗಲ್ಲ. ಹೊರಮೈಗೆ ಅಂಟಿಸುವ ತೆಳ್ಳನೆಯ ಪಟ್ಟಿ ಅದು. ಒಳಗಿನ ಹೊಲಸಿಗೆ ಕೈ ಹಾಕದೆ, ಗೋಡೆಯಾಚೆ ಎಷ್ಟಿದೆ ಎಂದು ಇದ್ದಲ್ಲಿಂದಲೇ ಹೇಳುತ್ತದೆ. ನಮ್ಮ ದೊಡ್ಡತ್ತೆ ಬಾಗಿಲಾಚೆ ಕೂತೇ ಒಳಗೆ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂದು ಹೇಳುತ್ತಿದ್ದರಲ್ಲ, ಹಾಗೆ. ಗಾಡಿಯಡಿ ಗೋಣಿಚೀಲ ಹಾಸಿ ಅಂಗಾತ ಮಲಗಿ, ಟ್ಯಾಂಕಿನ ಹೊರಮೈ ಉಜ್ಜಿ ಒರೆಸಿ ಒಣಗಿಸಿ, ಪಟ್ಟಿಯನ್ನು ಟ್ಯಾಂಕಿನೆತ್ತರಕ್ಕೆ ಕತ್ತರಿಸಿ, ಒಂದು ಗುಳ್ಳೆಯೂ ಏಳದಂತೆ ಅಂಟಿಸಿದೆ. ನಾಲ್ಕನೇ ಕ್ಲಾಸಿನ ಮೇಷ್ಟ್ರು ‘ಇವನ ಕೈಗೆ ಗಡಿಯಾರ ಕೊಟ್ರೆ ಕ್ಯಾಲೆಂಡರ್ ಮಾಡಿ ಕೊಡ್ತಾನೆ’ ಎಂದಿದ್ದರು. ಆವತ್ತು ಊರೆಲ್ಲ ನಕ್ಕಿತ್ತು. ನಾನು ಮಾತ್ರ ಅದನ್ನು ಹೊಗಳಿಕೆ ಎಂದೇ ತಿಳಿದು ಈವರೆಗೆ ಬಾಳಿದ್ದೇನೆ.

ಇದನ್ನೆಲ್ಲ ಯಾಕೆ ಮಾಡಬೇಕಾಯಿತು ಎನ್ನುತ್ತೀಯಾ? ಅಣ್ಣ ಈ ಗಾಡಿ ಕೊಂಡು, ನಕಾಶೆಯ ಮೇಲೆ ನೀಲಿ ಶಾಯಿಯಲ್ಲಿ ಗೆರೆ ಎಳೆದಿಟ್ಟು, ಒಂದು ಊರನ್ನೂ ನೋಡದೆ ತೀರಿಹೋದ. ಆ ಗೆರೆಯ ಕೊನೆ ಮುಟ್ಟಲೇಬೇಕೆಂದು ಹಟ ಹಿಡಿದು ಹೊರಟವರು ನಿಮ್ಮಮ್ಮ, ಗಾಡಿ ಹೊಡೆಯಲು ಸಿಕ್ಕಿದವನು ನಾನು. ಹೊರಟ ದಿನದಿಂದಲೂ ಪಾಯಿಖಾನೆ ಬಾಗಿಲ ಮೇಲೆ ಆ ಕೆಂಪು ದೀಪ ಉರಿಯುತ್ತಲೇ ಇತ್ತು. ನಿಮ್ಮಮ್ಮ ಕೇಳಿದಾಗಲೆಲ್ಲ ‘ಅದು ಸುಳ್ಳು ದೀಪ ಅತ್ತಿಗೆ, ನಾನಿಲ್ವಾ, ನೀವ್ಯಾಕೆ ತಲೆ ಕೆಡಿಸ್ಕೋತೀರಾ’ ಎಂದು ಎದೆ ತಟ್ಟಿಕೊಳ್ಳುತ್ತಿದ್ದೆ. ಒಂದು ದಿನ ಇಳಿಜಾರಿನ ತಂಗುದಾಣದಲ್ಲಿ ಅದು ನಿಜ ಹೇಳಿಬಿಟ್ಟಿತು. ತುಂಬಿದ್ದು ಮೇಲೆ ಉಕ್ಕಿತು. ಒಳಗಿದ್ದವರು ಅವರೇ. ಸುತ್ತಲಿನ ಗಾಡಿಯವರೆಲ್ಲ ಮೂಗು ಮುಚ್ಚಿಕೊಂಡು ಇಳಿದು ಬಂದರು, ಒಬ್ಬ ಜೋರಾಗಿ ನಕ್ಕ. ಕತ್ತಲಾಗುವ ತನಕ ನಿಮ್ಮಮ್ಮ ಬಾಗಿಲು ತೆಗೆಯಲಿಲ್ಲ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೊಸ ಪಟ್ಟಿ ಹಾಕಿದ ಮೇಲೆ ಬಕೆಟ್ಟಿನಲ್ಲಿ ನೀರು ಸುರಿದು ಪರೀಕ್ಷೆ ಮಾಡಿದೆ. ಸುರಿದಂತೆಲ್ಲ ಹಸಿರು, ಹಳದಿ, ಕೆಂಪು ಎಂದು ದೀಪಗಳು ಮೆಟ್ಟಿಲು ಹತ್ತಿದ ಹಾಗೆ ಹತ್ತಿದವು. ಖಾಲಿ ಮಾಡಿದರೆ ಮತ್ತೆ ಹಸಿರು. ನಾನು ಕುಣಿಯುವುದೊಂದು ಬಾಕಿ! ಆದರೆ ಅಲ್ಲಿಂದಾಚೆ ದೀಪ ಹಸಿರು ಬಿಟ್ಟು ಕದಲಲೇ ಇಲ್ಲ. ನನ್ನ ಲೆಕ್ಕ ಬೇರೆ ಬಿಡು, ಗಂಡಸು, ಪೆಟ್ರೋಲ್ ಬಂಕಿನಲ್ಲೋ ತಂಗುದಾಣದ ಕಕ್ಕಸಿನಲ್ಲೋ ಮುಗಿಸಿಬಿಡುತ್ತೇನೆ. ಆ ಟ್ಯಾಂಕು ನಿಮ್ಮಮ್ಮ ಒಬ್ಬರದೇ. ಪಟ್ಟಿ ಕೆಟ್ಟಿತೆಂದು ಮತ್ತೆ ಗಾಡಿಯಡಿ ನುಗ್ಗಿದೆ, ತಂತಿ ಬಿಚ್ಚಿ ಕಟ್ಟಿದೆ, ಕೊನೆಗೆ ಟ್ಯಾಂಕಿನ ಬಾಯಿ ತೆಗೆದೇ ನೋಡಿದೆ. ಪಟ್ಟಿ ಕೆಟ್ಟಿರಲಿಲ್ಲ ಗುಬ್ಬೀ. ಟ್ಯಾಂಕಿನ ತಳವಷ್ಟೇ ಒದ್ದೆಯಾಗಿತ್ತು. ಒಬ್ಬ ಹೆಂಗಸು ನೀರು ಕುಡಿದು ಬದುಕಿರುವ ಮನೆಯ ಟ್ಯಾಂಕು ಅದಲ್ಲ.

ಆಮೇಲೆ ಕಣ್ಣಿಟ್ಟು ನೋಡಿದೆ. ಬೆಳಿಗ್ಗೆ ಅರ್ಧ ಲೋಟ ಕಾಫಿ, ಮಧ್ಯಾಹ್ನ ಮಾತ್ರೆಗೆ ಒಂದು ಗುಟುಕು, ಅಷ್ಟೇ. ನೀರಿನ ಲೋಟ ಕವುಚಿಟ್ಟದ್ದು ಕವುಚಿಟ್ಟ ಹಾಗೇ. ಹೋದ ವಾರ ಗಾಡಿಯ ಮೆಟ್ಟಿಲಿಳಿಯುವಾಗ ತಲೆ ತಿರುಗಿ ಕೂತುಬಿಟ್ಟರು. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡಾಕ್ಟರಮ್ಮ, ‘ಇವರು ನೀರೇ ಕುಡೀತಿಲ್ಲ, ಹೀಗೇ ಆದ್ರೆ ಮೂತ್ರಪಿಂಡ ಕೈಕೊಡುತ್ತೆ’ ಎಂದರು. ನಿಮ್ಮಮ್ಮ ನಗುನಗುತ್ತಾ ‘ಅಯ್ಯೋ, ಚೊಂಬುಗಟ್ಟಲೆ ಕುಡೀತೀನಿ ಡಾಕ್ಟ್ರೇ’ ಎಂದುಬಿಟ್ಟರು. ಅಣ್ಣನ ಹೆಂಡತಿ, ನನಗೆ ತಾಯಿಯ ಹಾಗೆ ತುತ್ತಿಟ್ಟವರು. ‘ಅತ್ತಿಗೆ, ಟ್ಯಾಂಕು ಯಾಕೆ ತುಂಬ್ತಿಲ್ಲ’ ಎಂದು ಯಾವ ಬಾಯಲ್ಲಿ ಕೇಳಲಿ ಹೇಳು? ಊರಿಗೇ ಬುದ್ಧಿ ಹೇಳುವ ಬಾಯಿಗೆ ಆವತ್ತು ಬೀಗ ಬಿತ್ತು.

ನನ್ನ ಕುತಂತ್ರಗಳೂ ಮುಗಿದವು. ಬಾಯಾರಲಿ ಎಂದು ಅಡುಗೆಗೆ ಉಪ್ಪು ಜಾಸ್ತಿ ಹಾಕಿದೆ, ಅವರು ಊಟವನ್ನೇ ಕಮ್ಮಿ ಮಾಡಿದರು. ಕಲ್ಲಂಗಡಿ ತಂದೆ, ಹೋಳು ಮಾಡಿ ಪಕ್ಕದ ಗಾಡಿಯ ಮಕ್ಕಳಿಗೆ ಹಂಚಿದರು. ಎದುರಿಗೆ ಕೂತು ಗಟಗಟ ಸದ್ದು ಮಾಡುತ್ತಾ ನೀರು ಕುಡಿದು ತೋರಿಸಿದೆ, ‘ನಿಧಾನ ಮಹಾರಾಯ, ನೆತ್ತಿಗೆ ಹತ್ತೀತು’ ಎಂದರು. ಕಡೆಗೆ ಧೈರ್ಯ ಮಾಡಿ, ಅವರನ್ನು ನೋಡದೆ ಕಿಟಕಿ ನೋಡುತ್ತಾ, ‘ಈಗ ದೀಪ ಸತ್ಯ ಹೇಳುತ್ತೆ ಅತ್ತಿಗೆ, ಹಸಿರಿದ್ರೆ ಮತ್ತೆ ಆವತ್ತಿನ ಹಾಗೆ ಆಗೋ ಭಯಾನೇ ಇಲ್ಲ’ ಎಂದೆ. ಅದಕ್ಕವರು, ‘ಹಾರ್ನ್ ಒತ್ತಿದ್ರೆ ವೈಪರ್ ಆಡೋ ಗಾಡಿ ಇದು. ಇದರಲ್ಲಿ ಹಸಿರು ದೀಪ ಉರಿದ್ರೆ ಏನರ್ಥವೋ ದೇವರೇ ಬಲ್ಲ’ ಎಂದರು. ಆ ಹಾರ್ನನ್ನು ರಿಪೇರಿ ಮಾಡಿದವನೂ ನಾನೇ ಎಂಬುದು ನಿನಗೆ ಗೊತ್ತಿದೆ. ಹುಟ್ಟಿದಾಗಿನಿಂದ ಕೆಡಿಸಿದ್ದನ್ನೆಲ್ಲ ‘ಸರಿ ಮಾಡ್ದೆ, ಸರಿ ಮಾಡ್ದೆ’ ಎಂದು ಜಂಬ ಕೊಚ್ಚಿದೆ. ಈಗ ಒಂದೇ ಒಂದನ್ನು ನಿಜವಾಗಿ ಸರಿ ಮಾಡಿದ್ದೇನೆ, ಅದನ್ನು ನಂಬಬೇಕಾದ ಒಂದೇ ಜೀವ ನಂಬುತ್ತಿಲ್ಲ. ದಿನಾ ಬೆಳಿಗ್ಗೆ ಎದ್ದು ಆ ಹಸಿರು ದೀಪ ನೋಡುತ್ತೇನೆ. ಒಮ್ಮೆ ಹಳದಿಗೆ ತಿರುಗಬಾರದೆ ಎಂದು ಬೇಡಿಕೊಳ್ಳುತ್ತೇನೆ. ಪಾಯಿಖಾನೆ ತುಂಬಲಿ ಎಂದು ಹರಕೆ ಹೊತ್ತವನು ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಅಗೋ, ಬಟ್ಟೆ ಬುಟ್ಟಿ ಹಿಡಿದು ಬರುತ್ತಿದ್ದಾರೆ, ದಾರಿಯ ನಡುವೆ ಕಂಬ ಹಿಡಿದು ನಿಂತಿದ್ದಾರೆ. ಮೈ ಕೈ ಹುಷಾರು. ಒಲೆಯ ಹತ್ತಿರ ಅವಸರ ಮಾಡಬೇಡ. ನೂರು ವರ್ಷ ಸುಖವಾಗಿ ಬಾಳು.

ನಿನ್ನ
ಕ್ಯಾಲೆಂಡರ್ ಚಿಕ್ಕಪ್ಪ

ಮರೆತಿದ್ದೆ: ದಡ ಮುಟ್ಟಿದ ತಕ್ಷಣ ಅಮ್ಮನಿಗೆ ಫೋನ್ ಮಾಡಿ ಒಂದು ಸುಳ್ಳು ಹೇಳು. ನೀನೇ ಹಡಗಿನ ಕಡೆಯ ಗುರುತಿನ ಮೆಕ್ಯಾನಿಕ್ ಒಬ್ಬನನ್ನು ಕಳಿಸಿದ್ದೆ ಎನ್ನು. ಅವರು ಬಟ್ಟೆ ಒಗೆಯಲು ಹೋಗಿದ್ದಾಗ ಬಂದು ನನ್ನ ಪಟ್ಟಿ ಕಿತ್ತೆಸೆದು, ತಾನೇ ಹೊಸದು ಹಾಕಿ ಹೋದ ಎನ್ನು. ಈಗಿರುವುದರಲ್ಲಿ ಚಿಕ್ಕಪ್ಪನ ಕೈಯೇ ಇಲ್ಲ, ಧೈರ್ಯವಾಗಿ ನೀರು ಕುಡಿಯಮ್ಮ ಎನ್ನು. ನನ್ನನ್ನು ಕೇಳಿದರೆ ತಲೆ ತಗ್ಗಿಸಿ ಹೂಂ ಎನ್ನುತ್ತೇನೆ. ನನ್ನ ಕೆಲಸ ನೋಡಿ ಅವನು ಬಿದ್ದು ಬಿದ್ದು ನಕ್ಕ ಎಂದೂ ಸೇರಿಸು. ಆಗ ಖಂಡಿತ ನಂಬುತ್ತಾರೆ.